ಮಾಲಿಕ್ಯುಲರ್ ಬಯಾಲಜಿಯಲ್ಲಿ ಸಂಶೋಧಕರಾಗಬೇಕಾ? ಪಿಯುಸಿಯಿಂದ ಸ್ವಂತ ಲ್ಯಾಬ್‌ವರೆಗಿನ ದಾರಿ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. ಊರು ಬೇರೆ, ಮಾತು ಅದೇ. "ಮೇಡಂ, ಮಗಳು ಬಯಾಲಜಿಯಲ್ಲಿ ರಿಸರ್ಚ್ ಮಾಡ್ತೀನಿ ಅಂತ ಹಟ ಹಿಡಿದಿದಾಳೆ. ಮುಂದೆ ಏನಾದ್ರೂ ಇದೆಯಾ?"

ಇದೆ. ಅದರಲ್ಲೂ ಮಾಲಿಕ್ಯುಲರ್ ಬಯಾಲಜಿಯಲ್ಲಿ, ಅಂದರೆ ಜೀವಕೋಶದೊಳಗಿನ ಡಿಎನ್‌ಎ, ಪ್ರೋಟೀನ್‌ಗಳನ್ನು ಓದುವ ವಿಜ್ಞಾನದಲ್ಲಿ, ಒಳ್ಳೆಯ ದಾರಿಯೇ ಇದೆ. ಆದರೆ ಉದ್ದದ ದಾರಿ. ಎಲ್ಲಿ ಯಾವ ಪರೀಕ್ಷೆ, ಎಲ್ಲಿ ಎಷ್ಟು ದುಡ್ಡು, ಎಲ್ಲಿ ಜನ ಎಡವುತ್ತಾರೆ ಅನ್ನುವುದನ್ನು ಮೊದಲೇ ತಿಳಿದುಕೊಂಡು ಹೊರಟರೆ ಅರ್ಧ ಕಷ್ಟ ಕಡಿಮೆ. ನನಗೆ ಆಗ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಪಿಎಚ್‌ಡಿ ಅಂದರೆ ಇನ್ನೊಂದು ಡಿಗ್ರಿ ಅಂದುಕೊಂಡಿದ್ದರು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ವರ್ಷ ಎಣಿಸಿ

ಡಿಗ್ರಿಗೆ 3 ಅಥವಾ 4 ವರ್ಷ. ಎಂಎಸ್ಸಿಗೆ 2. ಪಿಎಚ್‌ಡಿಗೆ 5ರಿಂದ 6. ಆಮೇಲೆ ಪೋಸ್ಟ್‌ಡಾಕ್ ಅಂತ, ಅಂದರೆ ಪಿಎಚ್‌ಡಿ ಆದವರು ಇನ್ನೊಬ್ಬರ ಲ್ಯಾಬಿನಲ್ಲಿ ಮಾಡುವ ಸಂಶೋಧನೆ, 3ರಿಂದ 5. ಕೂಡಿಸಿ ನೋಡಿ. ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿ ತನ್ನದೇ ಲ್ಯಾಬ್ ತೆರೆಯುವ ಹೊತ್ತಿಗೆ ಮೂವತ್ತಮೂರೋ ಮೂವತ್ತೈದೋ ಆಗಿರುತ್ತದೆ. ಇದನ್ನು ಮನೆಯವರ ಜೊತೆ ಕೂತು ಮೊದಲೇ ಮಾತಾಡಿ. ಇಂಜಿನಿಯರಿಂಗ್ ಓದಿದ ಚಿಕ್ಕಪ್ಪನ ಮಗ ಕಾರು ತಗೊಳ್ಳುವಾಗ ನೀವು ಇನ್ನೂ ಹಾಸ್ಟೆಲಿನಲ್ಲಿ ಇರುತ್ತೀರಿ. ಅದು ಸೋಲಲ್ಲ ಅನ್ನುವುದು ಮನೆಯವರಿಗೂ ಗೊತ್ತಿರಬೇಕು.

ಈ ವರ್ಷಗಳೆಲ್ಲ ಕೈ ಖಾಲಿ ಅಂತಲ್ಲ. ಪಿಎಚ್‌ಡಿಯಲ್ಲಿ ಫೆಲೋಶಿಪ್ ಬರುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಜೂನಿಯರ್ ರಿಸರ್ಚ್ ಫೆಲೋ) ತಿಂಗಳಿಗೆ ₹37,000, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದರೆ ₹42,000. ಹಾಸ್ಟೆಲ್ ಸಿಗದವರಿಗೆ ಮೇಲೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ಒಬ್ಬರ ಜೀವನಕ್ಕೆ ಸಾಕು, ಮನೆಗೂ ಸ್ವಲ್ಪ ಕಳಿಸಬಹುದು. ಒಂದು ಎಚ್ಚರಿಕೆ: ಈ ದುಡ್ಡು ಒಂದನೇ ತಾರೀಖಿಗೆ ಬಂದೇ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಮೊದಲ ವರ್ಷವೇ ಮೂರು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ತೆಗೆದಿಡಿ. ಮನೆ ಸಾಲ ತೀರಿಸುವ ಜವಾಬ್ದಾರಿ ನಿಮ್ಮ ಮೇಲೇ ಇದ್ದರೆ, ಎಂಎಸ್ಸಿ ಆದಮೇಲೆ ಎರಡು ವರ್ಷ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ದುಡಿದು ಆಮೇಲೆ ಪಿಎಚ್‌ಡಿಗೆ ಬನ್ನಿ. ತಡವಾಯಿತು ಅಂತ ಯಾರೂ ಬಾಗಿಲು ಹಾಕುವುದಿಲ್ಲ. ಆ ಎರಡು ವರ್ಷದಲ್ಲಿ ಕೈಗೆ ಕೆಲಸವೂ ಹತ್ತಿರುತ್ತದೆ.

ಪಿಯುಸಿ ಮತ್ತು ಡಿಗ್ರಿ

ಪಿಯುಸಿ ವಿಜ್ಞಾನ ಓದುತ್ತಿರುವವರು ಮೂರು ಬಾಗಿಲು ತಟ್ಟಬಹುದು. ಒಂದು, ಪುಣೆ, ತಿರುಪತಿ, ತಿರುವನಂತಪುರ ಸೇರಿ ಏಳು ಕಡೆ ಇರುವ ಐಸರ್‌ಗಳು, ಅಂದರೆ ವಿಜ್ಞಾನ ಕಲಿಸುವ, ಸಂಶೋಧನೆ ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆಗಳು. ಇವಕ್ಕೆ ಐಎಟಿ ಅನ್ನುವ ಪ್ರವೇಶ ಪರೀಕ್ಷೆ ಇದೆ. ಎರಡು, ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಕೋರ್ಸು. ಮೂರು, ಅಂಥವೇ ಸಂಸ್ಥೆಗಳಾದ ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಇಬಿಎಸ್. ಇವೆರಡಕ್ಕೂ ಸೇರಿ ನೆಸ್ಟ್ ಪರೀಕ್ಷೆ. ನೀಟ್‌ಗೆ ಓದುವವರು ಇವನ್ನೂ ಬರೆದುಬಿಡಿ. ಗಣಿತ ಬಿಟ್ಟರೆ ಓದುವ ವಿಷಯ ಹೆಚ್ಚೂಕಮ್ಮಿ ಅದೇ.

ಸಿಗಲಿಲ್ಲವಾ? ಪರವಾಗಿಲ್ಲ. ನಿಮ್ಮ ಊರಿನ ಕಾಲೇಜಿನ ಬಿಎಸ್ಸಿಯಿಂದಲೂ ಈ ದಾರಿ ಹಿಡಿಯಬಹುದು. ಬಾಟನಿ, ಝುವಾಲಜಿ, ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಕೃಷಿ, ಎಲ್ಲಿಂದ ಬಂದರೂ ನಡೆಯುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ನಿರ್ದೇಶಕರಾದ ಎಲ್.ಎಸ್. ಶಶಿಧರ ಅವರನ್ನೇ ನೋಡಿ. ಚಿಕ್ಕಮಗಳೂರು ಜಿಲ್ಲೆಯವರು. ಧಾರವಾಡದಲ್ಲಿ ಓದಿದ್ದು ಕೃಷಿ ವಿಜ್ಞಾನ. ಪಿಎಚ್‌ಡಿ ಕೇಂಬ್ರಿಜ್‌ನಲ್ಲಿ. ಆಮೇಲೆ ಹೆಸರು ಮಾಡಿದ್ದು ಹಣ್ಣುನೊಣದ ರೆಕ್ಕೆ ಹೇಗೆ ಬೆಳೆಯುತ್ತದೆ ಅನ್ನುವ ಪ್ರಶ್ನೆಯಲ್ಲಿ. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಬರೆದಿರುವ ವಿಷಯಕ್ಕಿಂತ ಏನು ತಿಳಿದುಕೊಂಡಿದ್ದೀರಿ ಅನ್ನುವುದನ್ನೇ ಜಾಸ್ತಿ ನೋಡುತ್ತಾರೆ.

ಡಿಗ್ರಿಯ ಎರಡನೇ ವರ್ಷದಿಂದಲೇ ಒಂದು ಕೆಲಸ ಶುರು ಮಾಡಿ. ನಿಜವಾದ ಲ್ಯಾಬಿನಲ್ಲಿ ಎರಡು ತಿಂಗಳು ಇದ್ದು ಬನ್ನಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಬೆಂಗಳೂರು ಜಕ್ಕೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನದೂ ಒಂದಿದೆ. ಬೇಸಿಗೆಯ ಕೆಲಸಕ್ಕೆ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕಾಗುತ್ತದೆ. ನಮ್ಮ ಹುಡುಗರು ಸುಮಾರು ಜನ ಮಾರ್ಚಿನಲ್ಲಿ ಎದ್ದು ಕೇಳುತ್ತಾರೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಎಲ್ಲೂ ಸಿಗದಿದ್ದರೆ ನಿಮ್ಮ ಕಾಲೇಜಿನಲ್ಲೇ ಒಂದು ಅಭ್ಯಾಸ ಮಾಡಿ. ಒಂದು ಮೈಕ್ರೋಪಿಪೆಟ್ (ತೀರಾ ಸಣ್ಣ ಅಳತೆಯಲ್ಲಿ ದ್ರವ ಹೀರಿ ಹಾಕುವ ಸಾಧನ), ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ, ಒಂದು ಲೋಟ ಶುದ್ಧ ನೀರು ಸಾಕು. ಪಿಪೆಟ್ಟನ್ನು 100 ಮೈಕ್ರೋಲೀಟರಿಗೆ ತಿರುಗಿಸಿ. ತಕ್ಕಡಿಯ ಮೇಲೆ ಸಣ್ಣ ಟ್ಯೂಬ್ ಇಟ್ಟು ಸೊನ್ನೆ ಮಾಡಿ. ನೀರು ಹಾಕಿ ಓದಿಕೊಳ್ಳಿ. 0.100 ಗ್ರಾಂ ಬರಬೇಕು. ಹತ್ತು ಸಲ ಹಾಕಿ, ಹತ್ತೂ ಬರೆದುಕೊಳ್ಳಿ. ಮೊದಲ ದಿನ ನಿಮ್ಮ ಹತ್ತು ಅಂಕಿ ಹತ್ತು ಕಡೆ ಓಡುತ್ತವೆ. ಹೆಬ್ಬೆರಳನ್ನು ನಿಧಾನ ಬಿಡುವುದು, ಟಿಪ್ಪನ್ನು ನೀರಿನಲ್ಲಿ ತೀರಾ ಆಳಕ್ಕೆ ಇಳಿಸದಿರುವುದು, ಕೊನೆಯಲ್ಲಿ ಎರಡನೇ ತಡೆಯವರೆಗೆ ಒತ್ತುವುದು, ಇಷ್ಟು ಕಲಿತ ಮೇಲೆ ಅಂಕಿಗಳು ಒಂದೇ ಕಡೆ ಕೂರುತ್ತವೆ. ಪಿಎಚ್‌ಡಿಗೆ ಬಂದವರಲ್ಲೂ ಇದನ್ನು ಮಾಡಿ ನೋಡದವರು ಇದ್ದಾರೆ. ನೀವು ಮಾಡಿರಿ.

ಪರೀಕ್ಷೆಗಳ ಕಾಡು

ಹೆಸರುಗಳು ಜಾಸ್ತಿ ಇವೆ. ಹೆದರಬೇಡಿ, ಓದಬೇಕಾದದ್ದು ಒಂದೇ.

ಬಿಎಸ್ಸಿ ಆದಮೇಲೆ ಜ್ಯಾಮ್ ಬರೆದರೆ ಐಐಟಿಗಳ ಎಂಎಸ್ಸಿ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿ (ಎಂಎಸ್ಸಿ, ಪಿಎಚ್‌ಡಿ ಎರಡೂ ಸೇರಿದ್ದು) ಇವಕ್ಕೆ ದಾರಿ. ಗ್ಯಾಟ್-ಬಿ ಬರೆದರೆ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆಯ ನೆರವಿರುವ ಎಂಎಸ್ಸಿ ಸೀಟುಗಳು, ಅದರ ಜೊತೆ ಸ್ಟೈಪೆಂಡ್. ಮಾನಸಗಂಗೋತ್ರಿ, ಧಾರವಾಡ, ಶಂಕರಘಟ್ಟದಂಥ ನಮ್ಮ ವಿಶ್ವವಿದ್ಯಾಲಯಗಳೂ ಒಳ್ಳೆಯ ಆಯ್ಕೆಯೇ. ಅಲ್ಲಿ ಓದುವವರು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನು ಮಾತ್ರ ಹಗುರವಾಗಿ ತಗೋಬಾರದು. ದುಡ್ಡು ಕೊಟ್ಟು ಖಾಸಗಿ ಸಂಸ್ಥೆಯಲ್ಲಿ ಒಂದು ತಿಂಗಳಲ್ಲಿ ಮುಗಿಸುವ ಪ್ರಾಜೆಕ್ಟುಗಳಿವೆ. ದಯವಿಟ್ಟು ಹೋಗಬೇಡಿ. ಆ ದುಡ್ಡಿನಲ್ಲಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಪಿಜಿಯಲ್ಲಿದ್ದುಕೊಂಡು ನಿಜವಾದ ಲ್ಯಾಬಿನಲ್ಲಿ ಐದು ತಿಂಗಳು ಕೆಲಸ ಮಾಡಬಹುದು.

ಪಿಎಚ್‌ಡಿಗೆ ದೊಡ್ಡ ಪರೀಕ್ಷೆ ಸಿಎಸ್‌ಐಆರ್-ಯುಜಿಸಿ ನೆಟ್, ಲೈಫ್ ಸೈನ್ಸಸ್. ವರ್ಷಕ್ಕೆ ಎರಡು ಸಲ ಇರುತ್ತದೆ. ಮೂರು ಗಂಟೆ, 200 ಅಂಕ. ಎ ಭಾಗದಲ್ಲಿ 15 ಪ್ರಶ್ನೆಗೆ 30 ಅಂಕ, ಬಿ ಭಾಗದಲ್ಲಿ 35 ಪ್ರಶ್ನೆಗೆ 70, ಸಿ ಭಾಗದಲ್ಲಿ 25 ಪ್ರಶ್ನೆಗೆ 100. ತಪ್ಪು ಉತ್ತರಕ್ಕೆ ಕಾಲು ಭಾಗ ಕಳೆಯುತ್ತಾರೆ. ಲೆಕ್ಕ ನೋಡಿ. ಅರ್ಧ ಅಂಕ ಸಿ ಭಾಗದಲ್ಲೇ ಇದೆ. ಅಲ್ಲಿ ಬಾಯಿಪಾಠ ಉಪಯೋಗಕ್ಕೆ ಬರುವುದಿಲ್ಲ. ಒಂದು ಪ್ರಯೋಗ ಕೊಡುತ್ತಾರೆ, ಫಲಿತಾಂಶ ಕೊಡುತ್ತಾರೆ, ಇದರಿಂದ ಏನು ತಿಳಿಯುತ್ತದೆ ಅಂತ ಕೇಳುತ್ತಾರೆ. ಆದರೆ ನಮ್ಮವರು ಎಂಟು ತಿಂಗಳು ಬಿ ಭಾಗಕ್ಕೆ ಓದಿ, ಕೊನೆಯ ತಿಂಗಳು ಸಿ ಭಾಗ ತೆರೆಯುತ್ತಾರೆ. ತಿರುಗಿಸಿ ಮಾಡಿ. ಮೊದಲ ದಿನದಿಂದ ದಿನಕ್ಕೆ ಎರಡು ಸಿ ಭಾಗದ ಪ್ರಶ್ನೆ ಬಿಡಿಸಿ. ಸರಿ ಉತ್ತರ ಯಾಕೆ ಸರಿ ಅನ್ನುವುದರ ಜೊತೆಗೆ, ಉಳಿದ ಮೂರು ಯಾಕೆ ತಪ್ಪು ಅಂತಲೂ ಒಂದೊಂದು ಸಾಲು ಬರೆಯಿರಿ. ಎ ಭಾಗದ ಲೆಕ್ಕಗಳನ್ನು ಬಿಡಬೇಡಿ, ಅವು ಸುಲಭದ 30 ಅಂಕ.

ಇದರ ಜೊತೆಗೆ ಗೇಟ್ ಇದೆ, ಬಯೋಟೆಕ್ನಾಲಜಿ ಇಲಾಖೆಯ (ಡಿಬಿಟಿ) ಬೆಟ್ ಇದೆ. ಎನ್‌ಸಿಬಿಎಸ್ ಮತ್ತು ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ಗೆ ಹೋಗಬೇಕೆಂದರೆ ಅವರದೇ ಪರೀಕ್ಷೆ ಜೆಜೀಬಿಲ್ಸ್. ಎಲ್ಲಕ್ಕೂ ಅರ್ಜಿ ಹಾಕಿ. ಒಂದು ಚಾರ್ಟು ಮಾಡಿ ಗೋಡೆಗೆ ಅಂಟಿಸಿ: ಪರೀಕ್ಷೆ ಹೆಸರು, ಅರ್ಜಿಯ ಕೊನೆಯ ದಿನ, ಶುಲ್ಕ, ವಯಸ್ಸಿನ ಮಿತಿ. ಜಾತಿ ಪ್ರಮಾಣಪತ್ರ, ನಾನ್ ಕ್ರೀಮಿ ಲೇಯರ್ ಪತ್ರ ಕೇಂದ್ರದ ನಮೂನೆಯಲ್ಲಿ ಬೇಕು. ರಾಜ್ಯದ ಪತ್ರ ಹಿಡಿದುಕೊಂಡು ಹೋಗಿ ಸಂದರ್ಶನದ ದಿನ ಒದ್ದಾಡಿದವರನ್ನು ನೋಡಿದ್ದೇನೆ. ತಾಲೂಕು ಕಚೇರಿಯಲ್ಲಿ ಈಗಲೇ ಮಾಡಿಸಿಡಿ.

2022ರ ಯುಜಿಸಿ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಇದ್ದರೆ ಎಂಎಸ್ಸಿ ಇಲ್ಲದೆಯೂ ಪಿಎಚ್‌ಡಿಗೆ ಅರ್ಹರು. ಆದರೂ ನನ್ನ ಸಲಹೆ, ಲ್ಯಾಬಿನಲ್ಲಿ ಒಂದು ವರ್ಷವಾದರೂ ಕೆಲಸ ಮಾಡದೆ ನೇರ ಪಿಎಚ್‌ಡಿಗೆ ಹಾರಬೇಡಿ. ಈ ಕೆಲಸ ನಿಮಗೆ ಇಷ್ಟವಾ ಅಂತ ಪುಸ್ತಕ ಓದಿ ಗೊತ್ತಾಗುವುದಿಲ್ಲ.

ಸಂದರ್ಶನ

ಸಂದರ್ಶನದಲ್ಲಿ ಐದಾರು ಜನ ಕೂತಿರುತ್ತಾರೆ. "ನಿಮಗೆ ಯಾವ ವಿಷಯ ಇಷ್ಟ?" ಅಂತ ಶುರು ಮಾಡುತ್ತಾರೆ. ಇದು ನಿಮ್ಮ ಕೈಯಲ್ಲಿರುವ ಪ್ರಶ್ನೆ. ಚೆನ್ನಾಗಿ ಗೊತ್ತಿರುವುದನ್ನೇ ಹೇಳಿ. ದೊಡ್ಡದಾಗಿ ಕೇಳಿಸಲಿ ಅಂತ ಕ್ರಿಸ್ಪರ್ (ಜೀನ್ ತಿದ್ದುವ ತಂತ್ರ) ಅಂದರೆ ಅದರೊಳಗೇ ಹತ್ತು ಪ್ರಶ್ನೆ ಬರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದೊಳಗಿನ ಸಣ್ಣ ಉಂಗುರದಂಥ ಡಿಎನ್‌ಎ. ಜೆಲ್ ಅಂದರೆ ಕರೆಂಟು ಹರಿಸಿ ಡಿಎನ್‌ಎ ತುಂಡುಗಳನ್ನು ಬೇರೆ ಬೇರೆ ಮಾಡುವ ಪದರ, ಅದರಲ್ಲಿ ಕಾಣುವ ಗೆರೆಯೇ ಬ್ಯಾಂಡ್. "ಪ್ಲಾಸ್ಮಿಡ್ ತೆಗೆದು, ಕತ್ತರಿಸದೆ ಹಾಗೇ ಜೆಲ್‌ನಲ್ಲಿ ಓಡಿಸಿದಿರಿ. ಒಂದೇ ಡಿಎನ್‌ಎ ಇದ್ದರೂ ಎರಡು ಮೂರು ಬ್ಯಾಂಡ್ ಕಾಣುತ್ತಿದೆ. ಯಾಕೆ?" ಎಂಎಸ್ಸಿ ಮಾಡಿದ ಎಲ್ಲರೂ ಇದನ್ನು ಕಣ್ಣಾರೆ ನೋಡಿರುತ್ತಾರೆ. ಯಾಕೆ ಅಂತ ಕೇಳಿಕೊಂಡಿರುವುದಿಲ್ಲ. ಗೊತ್ತಿದ್ದರೆ ಹಗ್ಗದ ಚಿತ್ರ ಬರೆಯಿರಿ. ಬಿಗಿಯಾಗಿ ತಿರುಚಿಕೊಂಡ ಉಂಗುರ ಸಣ್ಣಗಿದ್ದು ಜೆಲ್‌ನ ಸಂದಿಗಳಲ್ಲಿ ಬೇಗ ಓಡುತ್ತದೆ. ಒಂದು ಎಳೆ ಕಡಿದು ಸಡಿಲಾದ ಉಂಗುರ ಹಿಂದೆ ಉಳಿಯುತ್ತದೆ. ಎರಡೂ ಎಳೆ ಕಡಿದು ನೇರವಾದದ್ದು ಸಾಮಾನ್ಯವಾಗಿ ನಡುವೆ. ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಇದನ್ನು ಹೇಗೆ ಸಾಬೀತು ಮಾಡ್ತೀರಿ?" ಒಂದೇ ಕಡೆ ಕತ್ತರಿಸುವ ಎಂಜೈಮ್ ಹಾಕಿದರೆ ಎಲ್ಲವೂ ಒಂದೇ ಬ್ಯಾಂಡ್ ಆಗಬೇಕು. ಇಂಥ ಯೋಚನೆ ಬರುತ್ತದಾ ಅಂತ ನೋಡುವುದೇ ಸಂದರ್ಶನ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ನಾನೂ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಇಂಗ್ಲಿಷ್ ತಡವರಿಸಿದರೆ ಎದ್ದು ಹೋಗಿ ಬೋರ್ಡಿನ ಮೇಲೆ ಚಿತ್ರ ಬರೆಯಿರಿ. ಬಾಣದ ಗುರುತು ಹಾಕಿ. ಚಿತ್ರ ಸರಿ ಇದ್ದರೆ ವ್ಯಾಕರಣವನ್ನು ಯಾರೂ ಕೇಳುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, "ಆದರೆ ಹೀಗಿರಬಹುದು" ಅಂತ ಜೋರಾಗಿ ಯೋಚಿಸಿ. ಸುಮ್ನೆ ಕೂರಬೇಡಿ.

ಗೈಡ್ ಆಯ್ಕೆ: ಇಲ್ಲಿ ನಿಧಾನ ಮಾಡಿ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಐಐಎಸ್‌ಸಿಯೋ, ಎನ್‌ಸಿಬಿಎಸ್ಸೋ, ಹೈದರಾಬಾದಿನ ಸಿಸಿಎಂಬಿಯೋ, ಮೈಸೂರಿನ ಸಿಎಫ್‌ಟಿಆರ್‌ಐಯೋ ಅಂತ ಎಲ್ಲರೂ ಸಂಸ್ಥೆಯ ಹೆಸರು ಹಿಡಿದು ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಮುಂದಿನ ಆರು ವರ್ಷ ನೀವು ಬದುಕುವುದು ಸಂಸ್ಥೆಯ ಗೇಟಿನಲ್ಲಿ ಅಲ್ಲ, ಒಂದು ಲ್ಯಾಬಿನೊಳಗೆ. ಆ ಲ್ಯಾಬಿನ ಗಾಳಿ ಹೇಗಿದೆ ಅನ್ನುವುದನ್ನು ಗೈಡ್ ನಿರ್ಧರಿಸುತ್ತಾರೆ.

ಮೊದಲು ಅವರ ಇತ್ತೀಚಿನ ಎರಡು ಪೇಪರ್ (ಪ್ರಕಟವಾದ ಸಂಶೋಧನಾ ಲೇಖನ) ಓದಿ. ಪೂರ್ತಿ ಅರ್ಥವಾಗದಿದ್ದರೂ ಪ್ರಶ್ನೆ ಏನು ಅನ್ನುವುದಾದರೂ ತಿಳಿಯಲಿ. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆ. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಓದಲು ಸಿಗುತ್ತವೆ. ನಿಮ್ಮ ಲೈಬ್ರರಿಯಲ್ಲಿ ಕೇಳಿ. ನಾವು ಓದುವಾಗ ಒಂದು ಪೇಪರಿಗಾಗಿ ಬೇರೆ ಊರಿನ ಗೆಳೆಯರಿಗೆ ದುಂಬಾಲು ಬೀಳುತ್ತಿದ್ದೆವು.

ಆಮೇಲೆ ಇಮೇಲ್. ಹತ್ತು ಸಾಲು ಸಾಕು. ನೀವು ಯಾರು, ಅವರ ಯಾವ ಕೆಲಸ ಓದಿದಿರಿ, ಅದರಲ್ಲಿ ಯಾವ ಪ್ರಶ್ನೆ ನಿಮ್ಮ ತಲೆಯಲ್ಲಿ ಉಳಿಯಿತು, ನಿಮ್ಮ ಕೈಗೆ ಯಾವ ಕೆಲಸ ಗೊತ್ತು, ಯಾವಾಗ ಬರಬಹುದು. "ನನಗೆ ಬಯಾಲಜಿ ಅಂದ್ರೆ ಪ್ರಾಣ" ಅಂತ ಎರಡು ಪ್ಯಾರಾ ಬೇಡ. ಐವತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ. ಅದು ತಪ್ಪಲ್ಲ.

ಲ್ಯಾಬ್ ನೋಡಲು ಹೋದಾಗ ಗೈಡ್ ಜೊತೆ ಮಾತಾಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಲ್ಲಿನ ಪಿಎಚ್‌ಡಿ ಹುಡುಗರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಒಂದು ಕಾಫಿ ಕುಡಿಸಿ. ಕೇಳಬೇಕಾದ್ದು ಇವು. ಹಿಂದಿನವರಿಗೆ ಎಷ್ಟು ವರ್ಷ ಹಿಡಿಯಿತು? ಮಧ್ಯೆ ಬಿಟ್ಟುಹೋದವರು ಇದ್ದಾರಾ, ಯಾಕೆ? ಮೊದಲ ಲೇಖಕರು ಯಾರು ಅಂತ ಯಾವಾಗ ತೀರ್ಮಾನವಾಗುತ್ತದೆ? ಈಗಿನ ಪ್ರಾಜೆಕ್ಟಿನ ದುಡ್ಡು ಎಲ್ಲಿವರೆಗೆ ಇದೆ? ಮನೆಯಲ್ಲಿ ಮದುವೆಯೋ ಕಾಯಿಲೆಯೋ ಆದರೆ ರಜೆ ಕೇಳಲು ಭಯವಾ? ಕೊನೆಗೆ ನಾನು ತಪ್ಪದೆ ಕೇಳಿ ಅನ್ನುವ ಪ್ರಶ್ನೆ: ಕಳೆದ ಸಲ ನಿಮ್ಮ ಪ್ರಯೋಗ ಕೆಟ್ಟಾಗ ಮೇಡಂ ಅಥವಾ ಸರ್ ಏನು ಅಂದರು?

ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಲ್ಲ ಇರುತ್ತದೆ. "ಬನ್ನಿ, ಕೂತು ಜೆಲ್ ನೋಡೋಣ ಅಂದರು" ಅಂದರೆ ಧೈರ್ಯವಾಗಿ ಸೇರಿ. ಹುಡುಗ ಒಂದು ಕ್ಷಣ ಸುಮ್ಮನಾಗಿ ಅತ್ತಿತ್ತ ನೋಡಿ "ಪರವಾಗಿಲ್ಲ, ಅಭ್ಯಾಸ ಆಗುತ್ತೆ" ಅಂದರೆ ಇನ್ನೊಂದು ಲ್ಯಾಬ್ ಹುಡುಕಿ. ಕೆಟ್ಟ ಪ್ರಯೋಗಕ್ಕೆ ಬೈಯುವ ಕಡೆ ಯಾರೂ ಕೆಟ್ಟದ್ದನ್ನು ಹೇಳುವುದಿಲ್ಲ. ಹೇಳದೆ ಮುಚ್ಚಿಟ್ಟ ತಪ್ಪು ಪೇಪರಿನವರೆಗೆ ಹೋಗುತ್ತದೆ. ಆಮೇಲೆ ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ.

ಎನ್‌ಸಿಬಿಎಸ್‌ನಂಥ ಕಡೆ ರೊಟೇಷನ್ ಇದೆ. ಮೊದಲ ವರ್ಷ ಎರಡು ಮೂರು ಲ್ಯಾಬಿನಲ್ಲಿ ಸ್ವಲ್ಪ ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ ಆರಿಸಿಕೊಳ್ಳಬಹುದು. ಈ ಅವಕಾಶ ಇದ್ದರೆ ಪೂರ್ತಿ ಬಳಸಿಕೊಳ್ಳಿ. ಸೇರಿದ ಮೇಲೆ ಸರಿಬರದಿದ್ದರೆ ಮೊದಲ ಒಂದೂವರೆ ವರ್ಷದೊಳಗೆ ಗೈಡ್ ಬದಲಿಸುವುದು ಅವಮಾನವಲ್ಲ. ಪ್ರತಿ ವಿದ್ಯಾರ್ಥಿಗೂ ಒಂದು ಸಲಹಾ ಸಮಿತಿ ಇರುತ್ತದೆ. ಅದರ ಒಬ್ಬ ಸದಸ್ಯರ ಹತ್ತಿರ ಹೋಗಿ ಬಾಯಿ ಬಿಟ್ಟು ಹೇಳಿ.

ಮೊದಲ ಎರಡು ವರ್ಷ: ನೋಟ್‌ಬುಕ್ ಮತ್ತು ನೀರಿನ ಲೇನ್

ಕೋರ್ಸ್‌ವರ್ಕ್, ಆಮೇಲೆ ಕಾಂಪ್ರಿಹೆನ್ಸಿವ್ ಪರೀಕ್ಷೆ. ಇವು ಹೇಗೋ ಮುಗಿಯುತ್ತವೆ. ನಿಜವಾದ ಕಲಿಕೆ ಬೆಂಚಿನ ಮೇಲೆ.

ನನ್ನ ಎರಡನೇ ವರ್ಷದ ಒಂದು ಘಟನೆ ಹೇಳುತ್ತೇನೆ. ಇಲಿಯ ಬಾಲದ ತುದಿಯಿಂದ ಡಿಎನ್‌ಎ ತೆಗೆದು, ಪಿಸಿಆರ್ ಹಾಕಿ (ಬೇಕಾದ ಡಿಎನ್‌ಎ ತುಂಡನ್ನು ಕೋಟಿಗಟ್ಟಲೆ ಪ್ರತಿ ಮಾಡಿ), ಯಾವ ಇಲಿಯಲ್ಲಿ ನಮಗೆ ಬೇಕಾದ ಜೀನ್ ಇದೆ ಅಂತ ನೋಡುವ ಕೆಲಸ. ಹನ್ನೆರಡು ಲೇನಿನ, ಅಂದರೆ ಹನ್ನೆರಡು ಸಾಲಿನ ಜೆಲ್. ಹತ್ತರಲ್ಲಿ ಇಲಿಗಳದ್ದು, ಒಂದರಲ್ಲಿ ಲ್ಯಾಡರ್ (ಗಾತ್ರ ಹೋಲಿಸಿ ನೋಡುವ ಡಿಎನ್‌ಎ), ಕೊನೆಯದರಲ್ಲಿ ಡಿಎನ್‌ಎ ಬದಲು ಬರೀ ನೀರು. ನೀರಿನ ಲೇನ್ ಖಾಲಿ ಇರಬೇಕು. ಒಂದು ದಿನ ಅಲ್ಲಿ ಮಸುಕಾಗಿ ಒಂದು ಬ್ಯಾಂಡ್ ಕಂಡಿತು. ಪಕ್ಕದ ಲೇನಿನಿಂದ ಸ್ವಲ್ಪ ಚೆಲ್ಲಿರಬೇಕು ಅಂದುಕೊಂಡು ಮುಂದೆ ಹೋದೆ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮೂರು ತಿಂಗಳ ನಂತರ ಯಾವ ಇಲಿಯ ಲೆಕ್ಕವೂ ಮೆಂಡೆಲನ ಅನುಪಾತಕ್ಕೆ ಕೂರುತ್ತಿರಲಿಲ್ಲ. ಎಲ್ಲ ಇಲಿಯಲ್ಲೂ ಜೀನ್ ಇದ್ದಂತೆ ಕಾಣುತ್ತಿತ್ತು. ನನ್ನ ಸೀನಿಯರ್ ಒಬ್ಬರು ಒಂದು ಸಂಜೆ ಪಕ್ಕ ಕೂತು ಹಳೆಯ ಜೆಲ್ ಫೋಟೋಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದರು. ನೀರಿನ ಲೇನಿನ ಮೇಲೆ ಬೆರಳಿಟ್ಟು "ಇದು ಯಾವತ್ತಿನಿಂದ?" ಅಂದರು. ನಾನು ಬಳಸುತ್ತಿದ್ದ ನೀರಿನ ಟ್ಯೂಬಿಗೇ ಅದೇ ಜೀನ್ ಇರುವ ಪ್ಲಾಸ್ಮಿಡ್ ಸೇರಿಕೊಂಡಿತ್ತು. ಒಂದು ಹನಿಯಲ್ಲಿ ಲಕ್ಷಗಟ್ಟಲೆ ಪ್ರತಿ. ಪಿಸಿಆರ್‌ಗೆ ಅಷ್ಟು ಯಾಕೆ, ಹತ್ತು ಪ್ರತಿ ಇದ್ದರೂ ಸಾಕು.

ಮೂರು ತಿಂಗಳ ಕೆಲಸ ಪೂರ್ತಿ ಮತ್ತೆ ಮಾಡಿದೆ. ಮೊದಲ ದಿನವೇ "ನೀರಿನಲ್ಲಿ ಬ್ಯಾಂಡ್ ಬಂದಿದೆ" ಅಂತ ಒಂದು ಸಾಲು ಬರೆದಿದ್ದರೆ ಮಾರನೇ ದಿನವೇ ಯಾರಾದರೂ ಕೇಳುತ್ತಿದ್ದರು.

ಅದಕ್ಕೇ ಹೇಳುವುದು, ಹೀಗೆ ಮಾಡಿ. ನೀರು, ಬಫರ್, ಪ್ರೈಮರ್ (ಪಿಸಿಆರ್ ಶುರು ಮಾಡುವ ಸಣ್ಣ ಡಿಎನ್‌ಎ ತುಂಡು) ಎಲ್ಲವನ್ನೂ ಬಂದ ದಿನವೇ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿಡಿ. ಒಂದು ಟ್ಯೂಬ್ ಕೆಟ್ಟರೆ ಬಿಸಾಕಿ ಇನ್ನೊಂದು ತೆಗೆಯಬಹುದು. ಪಿಸಿಆರ್ ಹಾಕುವ ಜಾಗ, ಜೆಲ್‌ಗೆ ತುಂಬುವ ಜಾಗ ಬೇರೆ ಬೇರೆ ಇರಲಿ. ಫಿಲ್ಟರ್ ಟಿಪ್ ಬಳಸಿ. ನೀರಿನ ಲೇನ್ ಇಲ್ಲದ ಜೆಲ್ಲನ್ನು ಯಾರಿಗೂ ತೋರಿಸಬೇಡಿ.

ನೋಟ್‌ಬುಕ್ ಗಟ್ಟಿ ಬೈಂಡಿನದಿರಲಿ, ಪುಟಕ್ಕೆ ನಂಬರ್ ಹಾಕಿರಿ. ಪೆನ್ಸಿಲ್ ಬೇಡ. ತಾರೀಖು, ಯಾಕೆ ಮಾಡಿದೆ, ಏನು ಹಾಕಿದೆ, ಎಂಜೈಮಿನ ಲಾಟ್ ನಂಬರ್, ಪ್ರೈಮರಿನ ಹೆಸರು, ಏನು ಬಂತು, ಮುಂದೆ ಏನು. ಜೆಲ್ಲಿನ ಫೋಟೋ ಅವತ್ತೇ ಅಂಟಿಸಿ, ಪ್ರತಿ ಲೇನಿಗೂ ಹೆಸರು ಬರೆಯಿರಿ. ಕೆಟ್ಟದ್ದನ್ನೂ ಬರೆಯಿರಿ. ನಾಲ್ಕು ವರ್ಷದ ನಂತರ ಥೀಸಿಸ್ ಬರೆಯುವಾಗ, ಇಲ್ಲವೇ ಜರ್ನಲ್ಲಿನವರು "ಮೂಲ ಜೆಲ್ ಕಳಿಸಿ" ಅಂದಾಗ, ಈ ನೋಟ್‌ಬುಕ್ಕೇ ಕಾಪಾಡುತ್ತದೆ. ಮೈನಸ್ 80ರ ಫ್ರೀಜರಿನಲ್ಲಿರುವ ಪ್ರತಿ ಡಬ್ಬಿಗೂ ಒಂದು ನಕ್ಷೆ ಮಾಡಿ, ಯಾವ ಮನೆಯಲ್ಲಿ ಯಾವ ಟ್ಯೂಬ್ ಅಂತ. ಬಾಗಿಲು ತೆಗೆದು ಹತ್ತು ನಿಮಿಷ ಹುಡುಕಿದರೆ ಒಳಗಿರುವ ಎಲ್ಲರ ಸ್ಯಾಂಪಲ್ಲಿಗೂ ತೊಂದರೆ.

ಜೀನ್ ಬದಲಿಸಿದ ಜೀವಿಗಳ ಕೆಲಸಕ್ಕೆ ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಅನುಮತಿ ಬೇಕು. ಇದು 1989ರ ನಿಯಮ. ಪ್ರಾಣಿಗಳ ಕೆಲಸಕ್ಕೆ ಬೇರೆ ಸಮಿತಿ. ಗೈಡ್ ನೋಡಿಕೊಳ್ಳುತ್ತಾರೆ ಅಂತ ಬಿಡಬೇಡಿ, ಅನುಮತಿ ಪತ್ರದ ನಂಬರ್ ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ. ಪೇಪರ್ ಕಳಿಸುವಾಗ ಕೇಳುತ್ತಾರೆ.

ಪೇಪರ್ ಮತ್ತು ಥೀಸಿಸ್

ನಮ್ಮ ಕ್ಷೇತ್ರದಲ್ಲಿ ಜಾಸ್ತಿ ಕೆಲಸ ಮಾಡಿದವರ ಹೆಸರು ಮೊದಲು, ಲ್ಯಾಬಿನ ಮುಖ್ಯಸ್ಥರದ್ದು ಕೊನೆಗೆ. ನಡುವಿನ ಹೆಸರುಗಳ ವಿಷಯದಲ್ಲೇ ಜಗಳ ಆಗುವುದು. ಕೆಲಸ ಶುರುವಾಗುವಾಗಲೇ ಮಾತಾಡಿಕೊಳ್ಳಿ, ಇಮೇಲಿನಲ್ಲಿ ಬರೆದಿಡಿ.

ಒಂದು ಜೆಲ್ಲಿನ ಲೇನ್ ಕತ್ತರಿಸಿ ಇನ್ನೊಂದರ ಪಕ್ಕ ಇಡಬೇಕಾಗಿ ಬಂದರೆ ನಡುವೆ ಗೆರೆ ಹಾಕಿ, ಕೆಳಗೆ ಬರೆಯಿರಿ. ಒಂದು ಬ್ಯಾಂಡನ್ನಷ್ಟೇ ಗಾಢ ಮಾಡುವುದು ತಪ್ಪು. ಇಂಥ ತಪ್ಪು ಹತ್ತು ವರ್ಷದ ನಂತರವೂ ಹೊರಗೆ ಬರುತ್ತದೆ, ಪೇಪರ್ ವಾಪಸ್ ತಗೋಬೇಕಾಗುತ್ತದೆ. ಮೂಲ ಫೈಲುಗಳನ್ನು ಎರಡು ಕಡೆ ಇಡಿ.

ಪೇಪರ್ ಸಿದ್ಧವಾದ ಕೂಡಲೇ ಬಯೋಆರ್ಕೈವ್‌ನಲ್ಲಿ ಹಾಕಿ. 2013ರಿಂದ ನಡೆಯುತ್ತಿರುವ ಪ್ರಿಪ್ರಿಂಟ್ ತಾಣ ಅದು, ಅಂದರೆ ಜರ್ನಲ್ಲಿನಲ್ಲಿ ಬರುವ ಮುಂಚೆಯೇ ಪೇಪರ್ ಹಾಕುವ ಜಾಗ, ಪುಕ್ಕಟೆ. ಜರ್ನಲ್ಲಿನ ವಿಮರ್ಶೆ ಮುಗಿಯಲು ವರ್ಷ ಹಿಡಿದರೂ ಪೋಸ್ಟ್‌ಡಾಕ್ ಅರ್ಜಿಯಲ್ಲಿ ತೋರಿಸಲು ಏನಾದರೂ ಇರುತ್ತದೆ. "ಒಂದು ವಾರದಲ್ಲಿ ಪ್ರಕಟಿಸ್ತೀವಿ, ಇಷ್ಟು ದುಡ್ಡು ಕಟ್ಟಿ" ಅನ್ನುವ ಇಮೇಲ್‌ಗಳಿಗೆ ಉತ್ತರ ಕೊಡಬೇಡಿ. ಅಲ್ಲಿ ಬಂದ ಪೇಪರ್ ಇಲ್ಲದಿರುವುದೇ ಮೇಲು.

ಥೀಸಿಸ್ ಬರೆಯಲು ಪೂರ್ತಿ ಆರು ತಿಂಗಳು ಇಟ್ಟುಕೊಳ್ಳಿ. ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಆರು ವರ್ಷ ಅವಧಿ, ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಕೊಡಬಹುದು, ಹೆರಿಗೆ ರಜೆ 240 ದಿನದವರೆಗೆ ಇದೆ. ಇದು ನಿಯಮದಲ್ಲೇ ಇದೆ. ಕೇಳಲು ಸಂಕೋಚ ಬೇಡ.

ಪೋಸ್ಟ್‌ಡಾಕ್

ಥೀಸಿಸ್ ಕೊಡುವ ಒಂದು ವರ್ಷ ಮೊದಲೇ ಹುಡುಕಲು ಶುರು ಮಾಡಿ. ಸ್ವಂತ ಫೆಲೋಶಿಪ್ ತಂದರೆ ಯಾವ ಲ್ಯಾಬೂ ಬಾಗಿಲು ತೆರೆಯುತ್ತದೆ. ಹೊರದೇಶಕ್ಕೆ ಹೋಗುವವರು ಎಂಬೋ, ಎಚ್‌ಎಫ್‌ಎಸ್‌ಪಿ, ಯುರೋಪಿನ ಮೇರಿ ಕ್ಯೂರಿ, ಈ ಫೆಲೋಶಿಪ್‌ಗಳನ್ನು ನೋಡಿ. ಭಾರತದಲ್ಲೇ ಇರುವವರಿಗೆ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್, ಇಂಡಿಯಾ ಅಲಯನ್ಸ್‌ನ ಅರ್ಲಿ ಕೆರಿಯರ್ ಫೆಲೋಶಿಪ್ ಇವೆ. ಪ್ರಾಜೆಕ್ಟಿನ ರಿಸರ್ಚ್ ಅಸೋಸಿಯೇಟ್ ಆದರೆ 2023ರಿಂದ ಶುರುವಿಗೆ ₹58,000.

ವಿಷಯ ಬದಲಿಸಲು ಹೆದರಬೇಡಿ. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದಿಕಿ ಅವರು ದೆಹಲಿಯಲ್ಲಿ ಗೋಧಿಯ ಮೇಲೆ ಕೆಲಸ ಮಾಡುತ್ತಿದ್ದರು. ಆಲಿಕಲ್ಲು ಮಳೆ ಬಿದ್ದು ಗೋಧಿ ಪೂರ್ತಿ ಹಾಳಾಯಿತು. ಆಮೇಲೆ ಗ್ಲಾಸ್ಗೋಗೆ ಹೋಗಿ ಶಿಲೀಂಧ್ರದ ತಳಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು. ಅಮೆರಿಕದಲ್ಲಿ ಬ್ಯಾಕ್ಟೀರಿಯಾ ಹಿಡಿದರು. 1962ರಲ್ಲಿ ಮುಂಬೈನ ಟಿಐಎಫ್‌ಆರ್‌ಗೆ ಬಂದು ಮಾಲಿಕ್ಯುಲರ್ ಬಯಾಲಜಿ ಘಟಕ ಶುರು ಮಾಡಿದರು. ಹತ್ತು ವರ್ಷದ ನಂತರ ಅದನ್ನೂ ಬಿಟ್ಟು ಹಣ್ಣುನೊಣದ ನರಗಳ ಕಡೆ ತಿರುಗಿದರು. ಪಿಎಚ್‌ಡಿಯಲ್ಲಿ ಮಾಡಿದ್ದನ್ನೇ ಪೋಸ್ಟ್‌ಡಾಕ್‌ನಲ್ಲೂ ಮಾಡಿದರೆ ನಿಮ್ಮ ಗೈಡಿನ ನೆರಳಿನಲ್ಲೇ ಉಳಿಯುತ್ತೀರಿ. ಕೆಲಸ ಕೊಡುವವರು ಕೇಳುವ ಮೊದಲ ಪ್ರಶ್ನೆಯೇ "ಇದರಲ್ಲಿ ನಿಮ್ಮದು ಯಾವುದು?"

ಹೊರಗೆ ಹೋಗುವ ಮೊದಲು ಹೊಸ ಗೈಡಿನ ಜೊತೆ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ: ವಾಪಸ್ ಬರುವಾಗ ಯಾವ ಭಾಗವನ್ನು ನಾನು ತಗೊಂಡು ಹೋಗಬಹುದು?

ವಾಪಸ್ ಬಂದ ಮೇಲೆ

ಹೊರದೇಶದಿಂದ ಬರುವವರಿಗೆ ರಾಮಲಿಂಗಸ್ವಾಮಿ ಮತ್ತು ರಾಮಾನುಜನ್ ಫೆಲೋಶಿಪ್‌ಗಳು, ಎಲ್ಲರಿಗೂ ಇನ್‌ಸ್ಪೈರ್ ಫ್ಯಾಕಲ್ಟಿ. ಇವು ಐದು ವರ್ಷದ ಸಂಬಳ, ಸಂಶೋಧನೆಗೆ ಒಂದಿಷ್ಟು ಹಣ ಕೊಡುತ್ತವೆ. ಖಾಯಂ ಕೆಲಸ ಅಲ್ಲ, ಆದರೆ ಅದರ ಹೊಸ್ತಿಲು. ವಯಸ್ಸಿನ ಮಿತಿ ಮೊದಲು ನೋಡಿ, ಇನ್‌ಸ್ಪೈರ್‌ಗೆ ಅದು ಬೇಗ ದಾಟಿಹೋಗುತ್ತದೆ.

ಸಂಸ್ಥೆಯಲ್ಲಿ ಕೆಲಸಕ್ಕೆ ಕರೆದರೆ ಎರಡು ಭಾಷಣ ಇರುತ್ತದೆ. ಒಂದು ಮಾಡಿದ ಕೆಲಸ, ಇನ್ನೊಂದು ಮುಂದಿನ ಐದು ವರ್ಷ. ಎರಡನೆಯದಕ್ಕೆ ಸ್ಲೈಡ್ ಇಲ್ಲದೆ ಬೋರ್ಡಿನ ಮುಂದೆ ನಿಂತು ಮನೆಯಲ್ಲೇ ಹತ್ತು ಸಲ ಅಭ್ಯಾಸ ಮಾಡಿ. ಕೆಲಸ ಸಿಕ್ಕ ಮೇಲೆ ಮೊದಲ ವರ್ಷ ಪ್ರಯೋಗಕ್ಕಿಂತ ಟೆಂಡರು, ಕರೆಂಟು, ಪ್ಲಂಬಿಂಗೇ ಜಾಸ್ತಿ. ಮೈನಸ್ 80ರ ಫ್ರೀಜರ್ ಆರ್ಡರ್ ಮಾಡುವ ಮುಂಚೆ ಆ ಕೋಣೆಯ ಪ್ಲಗ್ಗಿಗೆ ಜನರೇಟರ್ ಲೈನ್ ಇದೆಯಾ ಅಂತ ಎಲೆಕ್ಟ್ರಿಷಿಯನ್ನನ್ನು ಕರೆದು ನೋಡಿಸಿ.

ಇನ್ನೊಂದು ದಾರಿಯೂ ಇದೆ. ಅದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ, ನನಗೆ ಅದರ ಮೇಲೆ ಗೌರವ ಜಾಸ್ತಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಕೆಲಸ. ಇದಕ್ಕೆ ನೆಟ್ ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಬೇಕು. ಕೆ-ಸೆಟ್ ಈಗ ಕೆಇಎ ನಡೆಸುತ್ತದೆ. ನೇಮಕಾತಿ ಪ್ರಕಟಣೆ ಅಪರೂಪಕ್ಕೆ ಬರುತ್ತದೆ. ಆದ್ದರಿಂದ ಪಿಎಚ್‌ಡಿ ನಡೆಯುವಾಗಲೇ ಕೆ-ಸೆಟ್ ಬರೆದು ಇಟ್ಟುಕೊಳ್ಳಿ. ಅಲ್ಲಿ ಪಾಠದ ಹೊರೆ ಜಾಸ್ತಿ, ಸಂಶೋಧನೆಗೆ ಸಮಯ ಕಡಿಮೆ. ಆದರೆ ನನ್ನ ಗೆಳತಿಯೊಬ್ಬಳು ಇಂಥದೊಂದು ಕಾಲೇಜಿನಲ್ಲಿ ಹಳೆಯ ಜೆಲ್ ಡಬ್ಬಿಯೊಂದನ್ನು ರಿಪೇರಿ ಮಾಡಿಸಿ ಇಟ್ಟುಕೊಂಡಿದ್ದಾಳೆ. ಎರಡನೇ ವರ್ಷದ ಬಿಎಸ್ಸಿ ಮಕ್ಕಳು ತಾವೇ ಜೆಲ್ ಮಾಡುವ ಅಗರೋಸ್ ಕಾಯಿಸಿ, ತಾವೇ ತುಂಬಿ, ಕೋಣೆಯ ಲೈಟ್ ಆರಿಸಿ ನೋಡುತ್ತಾರೆ. ಪ್ರತಿ ಜೆಲ್ಲಿನ ಕೊನೆಯ ಲೇನ್ ನೀರಿನದೇ. ಅದು ಖಾಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಉಳಿದದ್ದು ಓದಿ ಅಂತ ಅವಳು ಹೇಳಿಕೊಟ್ಟಿದ್ದಾಳೆ.